ಗೂಟಕ್ಕೆ ಕಟ್ಟಿದ ಮೇಲೆ

ನಮ್ಮ ಮನೆಯ ನಡುಮನೆಯಲ್ಲಿ, ಬೇರೆಯವರಾದರೆ ಟಿ.ವಿ. ಇಡುತ್ತಿದ್ದ ಜಾಗದಲ್ಲಿ, ಮೂರು ಅಡಿ ಉದ್ದದ ಒಂದು ಗಾಜಿನ ತೊಟ್ಟಿಯಿದೆ. ಅಷ್ಟು ದೊಡ್ಡ ತೊಟ್ಟಿಯಲ್ಲಿ ಒಂದೇ ಒಂದು ಮೀನು. ಬಂದವರೆಲ್ಲ ಎರಡು ಪ್ರಶ್ನೆ ಕೇಳುತ್ತಾರೆ. "ವಾಸ್ತುವಿಗೆ ಇಟ್ಟೀರೇನ್ರಿ?" ಎನ್ನುವುದು ಒಂದು. "ಒಂದೇ ಯಾಕ?" ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಇಲ್ಲ ಎಂದರೆ ಮುಗಿಯಿತು. ಎರಡನೆಯದಕ್ಕೆ ನಾನು ಬಹಳ ದಿನ "ಇದೊಂದೇ ಉಳದದ" ಎಂದು ಹೇಳಿ ಚಹಾ ತರುವ ನೆವದಿಂದ ಒಳಗೆ ಹೋಗುತ್ತಿದ್ದೆ. ಒಂದು ಉಳಿದಿದೆ ಎಂದರೆ ಉಳಿಯದವು ಇದ್ದವು ಎಂದಾಯಿತು. ಅವು ಹೇಗೆ ಹೋದವು ಎಂದು ಯಾರೂ ಕೇಳಲಿಲ್ಲ. ಮೀನಲ್ಲವೇ, ಸಾಯುತ್ತವೆ.

ಅವುಗಳನ್ನು ಕೊಂದವಳು ನಾನು. ಪ್ರೀತಿಯಿಂದಲೇ ಕೊಂದೆ. ಮೀನು ತಿನ್ನದ ಮನೆಯಲ್ಲಿ ಹುಟ್ಟಿ, ಮೀನು ತಿನ್ನದ ಮನೆಗೆ ಸೊಸೆಯಾಗಿ ಬಂದು, ದಯೆಯ ಬಗ್ಗೆ ಬಸವಣ್ಣನವರು ಹೇಳಿದ್ದನ್ನು ಔರಾದದಲ್ಲಿ, ಭಾಲ್ಕಿಯಲ್ಲಿ, ಈಗ ಬೀದರದಲ್ಲಿ ಸಾವಿರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ಈ ಮಾತನ್ನು ಬರೆಯಬೇಕಾದರೆ ಸ್ವಲ್ಪ ಧೈರ್ಯ ಬೇಕು. ಹತ್ತು ವರ್ಷ ಕಳೆದ ಮೇಲೆ ಬಂದಿದೆ.

2015ರ ಬೇಸಿಗೆಯಲ್ಲಿ ಮಗ ಪಿ.ಯು.ಸಿ. ಪರೀಕ್ಷೆ ಮುಗಿಸಿ, ತಾನು ಕೂಡಿಟ್ಟ ಹಣದಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಅಕ್ವೇರಿಯಂ ತಂದ. ಜೊತೆಗೆ ನಾಲ್ಕು ಗೋಲ್ಡ್ ಫಿಶ್, ಬಣ್ಣಬಣ್ಣದ ಹರಳು, ಗುಳುಗುಳು ಎನ್ನುವ ಏರ್ ಪಂಪ್, ಒಂದು ಸ್ಪಂಜಿನ ಫಿಲ್ಟರ್. ಸಂಜೆ ನಾಲ್ಕಕ್ಕೆ ಅಂಗಡಿಯಿಂದ ಬಂದದ್ದು, ಆರಕ್ಕೆ ನಳದ ನೀರು ತುಂಬಿಸಿ ಮೀನು ಬಿಟ್ಟದ್ದು. ಹತ್ತು ದಿನದೊಳಗೆ ಒಂದು ಸತ್ತಿತು. ಬೇನೆ ಬಿದ್ದ ಮೀನು ಕೊಟ್ಟು ಮೋಸ ಮಾಡಿದ ಎಂದು ಅಂಗಡಿಯವನನ್ನು ತಾಯಿ ಮಗ ಇಬ್ಬರೂ ಮನಸಾರೆ ಬೈದೆವು. ಜುಲೈಯಲ್ಲಿ ಮಗ ಇಂಜಿನಿಯರಿಂಗ್ ಓದಲು ಕಲಬುರಗಿಗೆ ಹೊರಟ. ಹೋಗುವಾಗ, "ಅವ್ವಾ, ದಿನಕ್ಕ ಒಮ್ಮೆ ಚಿಟಿಕಿ ಕಾಳು ಹಾಕು. ಬ್ಯಾರೆ ಏನೂ ಮಾಡಬ್ಯಾಡ" ಎಂದ.

ಬೇರೆ ಏನೂ ಮಾಡಬೇಡ ಎಂದರೆ ಸುಮ್ಮನಿರುವ ತಾಯಿ ಯಾರಿದ್ದಾರೆ? ಮನೆ ಭಣಭಣ ಎನ್ನುತ್ತಿತ್ತು. ನಾನು ಶಾಲೆಯಿಂದ ಬಂದು ದೀಪ ಹಾಕಿದರೆ ಮೂರೂ ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಹಸಿವೆ ಎಂದು ನಾನು ತಿಳಿದೆ. ಒಂದು ಚಿಟಿಕೆ ಎರಡಾಯಿತು, ಎರಡು ನಾಲ್ಕಾಯಿತು, ಅಮಾವಾಸ್ಯೆ ಹುಣ್ಣಿಮೆಗೆ ರೊಟ್ಟಿಯ ಚೂರೂ ಬಿತ್ತು. ಗೋಲ್ಡ್ ಫಿಶ್‌ಗೆ ನಮ್ಮಂತೆ ಜಠರವೇ ಇರುವುದಿಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ಅದಕ್ಕೆ ಅದು ಯಾವಾಗಲೂ ಹಸಿದಂತೆಯೇ ಕಾಣುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ. ಹೊಟ್ಟೆಯೇ ಇಲ್ಲದವರ ಹೊಟ್ಟೆ ತುಂಬಿಸಲು ನಾನು ಹೊರಟಿದ್ದೆ.

ನೀರು ಕಲಕಾಯಿತು. ಗಾಜಿಗೆ ಹಸಿರು ಹಿಡಿಯಿತು. ದಸರೆಯ ಮುಂದೆ ಮನೆಯ ಹಂಡೆ, ಕೊಡ, ಪರಾತ ಎಲ್ಲ ತಿಕ್ಕುವ ಪದ್ಧತಿ ನಮ್ಮಲ್ಲಿದೆಯಲ್ಲ, ಆ ಉತ್ಸಾಹದಲ್ಲಿ ಮೀನಿನ ತೊಟ್ಟಿಗೂ ಕೈ ಹಾಕಿದೆ. ಮೀನುಗಳನ್ನು ಬಕೇಟಿನಲ್ಲಿ ಹಾಕಿ, ನೀರನ್ನೆಲ್ಲ ಚೆಲ್ಲಿ, ಹರಳುಗಳನ್ನು ಅಕ್ಕಿ ತೊಳೆದ ಹಾಗೆ ಏಳು ಸಲ ತೊಳೆದು, ಲೋಳೆ ಲೋಳೆಯಾಗಿದ್ದ ಸ್ಪಂಜನ್ನು ನಳದ ಕೆಳಗೆ ಹಿಡಿದು ಹಿಂಡಿ ಹಿಂಡಿ ಬೆಳ್ಳಗೆ ಮಾಡಿ, ಹೊಸ ನೀರು ತುಂಬಿಸಿದೆ. ತೊಟ್ಟಿ ಅಂಗಡಿಯಿಂದ ಆಗ ತಂದಂತೆ ಥಳಥಳ ಹೊಳೆಯಿತು. ಮಗನಿಗೆ ಫೋನ್ ಮಾಡಿ ಹೇಳಿಕೊಂಡೆ. ಮರುದಿನ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಡಿಯತೊಡಗಿದವು. ಹಸಿವೆ ಇರಬೇಕೆಂದು ಮತ್ತೆ ಕಾಳು ಹಾಕಿದೆ. ಮೂರನೆಯ ದಿನ ಒಂದು, ನಾಲ್ಕನೆಯ ದಿನ ಇನ್ನೊಂದು ತೇಲಿದವು. ಉಳಿದದ್ದರ ರೆಕ್ಕೆಯ ಅಂಚು ಕೆಂಪಗಾಗಿ, ಅದು ಮೂಲೆಯಲ್ಲಿ ತಲೆ ಕೆಳಗೆ ಮಾಡಿ ನಿಂತಿತ್ತು.

ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಕನ್ನಡ ಮತ್ತು ಸಮಾಜ. ನಮ್ಮ ಶಾಲೆಯ ವಿಜ್ಞಾನದ ಮಾಸ್ತರರ ಮುಂದೆ ಕಥೆ ಹೇಳಿದೆ. ಅವರು ಸ್ಟಾಫ್ ರೂಮಿನ ಕರಿಹಲಗೆಯ ಮೇಲೆ ಮೂರು ಗುಂಡು ಬರೆದರು. ಮೀನಿನ ಮಲದಿಂದ, ಕಿವಿರಿನಿಂದ, ಕೊಳೆತ ಕಾಳಿನಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದನ್ನು ಮೀನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ, ಗಿಡಗಳು ಉಣ್ಣುತ್ತವೆ. ಈ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೆಲೆಯೂರುವ ಜಾಗ ಯಾವುದು ಎಂದರೆ ಹರಳು ಮತ್ತು ಸ್ಪಂಜು. "ನೀವು ಹೊಲಸು ಅಂತ ತೊಳದದ್ದು ಅದೇ ಟೀಚರ್" ಎಂದರು. ಅದರ ಮೇಲೆ ನಳದ ನೀರಿನ ಕ್ಲೋರಿನ್. ನಮ್ಮನ್ನು ವಾಂತಿಭೇದಿಯಿಂದ ಉಳಿಸುವ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ನೀರನ್ನು ತೆರೆದ ಬಕೇಟಿನಲ್ಲಿ ಒಂದು ದಿನ ಇಟ್ಟರೆ ಅದು ಹಾರಿ ಹೋಗುತ್ತದೆ. ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು ನೀರು ಮಾತ್ರ ಬದಲಿಸಬೇಕು, ಸ್ಪಂಜನ್ನು ಹಳೆಯ ನೀರಿನಲ್ಲೇ ಅದ್ದಿ ಮೆಲ್ಲಗೆ ಹಿಂಡಬೇಕು. ಹೊಸ ಮೀನು ತಂದರೆ ಕೂಡಲೇ ಸುರಿಯಬಾರದು. ಅದರ ಚೀಲವನ್ನು ನೀರಿನ ಮೇಲೆ ಕಾಲು ತಾಸು ತೇಲಿಬಿಟ್ಟು, ಇಲ್ಲಿಯ ನೀರನ್ನು ಸ್ವಲ್ಪ ಸ್ವಲ್ಪವೇ ಅದರೊಳಗೆ ಹಾಕುತ್ತ ಒಗ್ಗಿಸಬೇಕು.

ಅಂದರೆ ಮೊದಲನೆಯ ಮೀನನ್ನೂ ಅಂಗಡಿಯವನು ಕೊಂದಿರಲಿಲ್ಲ. ಆ ಬೈಗುಳ ಇನ್ನೂ ವಾಪಸು ತೆಗೆದುಕೊಂಡಿಲ್ಲ. ಆ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು.

ತಿಳಿಯದೆ ಮಾಡಿದ ತಪ್ಪು ತಪ್ಪೇ? ಮಾಸ್ತರರು ಸಮಾಧಾನಕ್ಕಾಗಿ, "ನಿಮಗ ಗೊತ್ತಿರಲಿಲ್ಲ, ಬಿಡ್ರಿ" ಎಂದರು. ನನಗೆ ಗೊತ್ತಿರಲಿಲ್ಲ ನಿಜ. ಆದರೆ ಗೊತ್ತುಮಾಡಿಕೊಳ್ಳಲು ಏನು ಅಡ್ಡಿಯಿತ್ತು? ವಿಜ್ಞಾನದ ಮಾಸ್ತರರು ನನ್ನ ಪಕ್ಕದ ಕುರ್ಚಿಯಲ್ಲೇ ಕೂಡುತ್ತಿದ್ದರು. ನಾನು ಕೇಳಲಿಲ್ಲ, ಯಾಕೆಂದರೆ ನನಗೆ ಸಂಶಯವೇ ಬರಲಿಲ್ಲ. ಸ್ವಚ್ಛ ಎಂದರೆ ಏನು, ಹೊಟ್ಟೆ ತುಂಬುವುದು ಎಂದರೆ ಏನು ಎನ್ನುವುದು ನನಗೆ ಗೊತ್ತಿದೆ ಎಂದೇ ನಾನು ಇದ್ದೆ. ತರಗತಿಯಲ್ಲಿ ಉತ್ತರ ತಪ್ಪಿದರೂ ಪ್ರಯತ್ನ ಮಾಡಿದ ಮಗುವಿಗೆ ಅರ್ಧ ಅಂಕ ಕೊಡುತ್ತೇನೆ. ಇಲ್ಲಿ ಅರ್ಧ ಅಂಕ ಕೊಡುವವರು ಯಾರು? ಕೊಟ್ಟರೂ ಅದನ್ನು ತೆಗೆದುಕೊಂಡು ಮೀನಿಗೆ ಏನು ಮಾಡುವುದು?

ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವಾಕೆ ಭಾಲ್ಕಿಯ ಕಡೆಯವಳು. ಆಕೆಯ ತವರಿನವರು ಕಾರಂಜಾ ಜಲಾಶಯದಲ್ಲಿ ಬಲೆ ಹಾಕಿ ಜೀವನ ಮಾಡುವವರು. ನನ್ನ ದುಃಖ ಕೇಳಿ ಆಕೆ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ, "ಸಿಟ್ಟಾಗಬ್ಯಾಡ್ರಿ ಟೀಚರ್. ನಾವು ಹಿಡೀತೀವಿ, ತಿಂತೀವಿ. ನೀವು ಹಿಡಿಯಂಗಿಲ್ಲ, ತಿನ್ನಂಗಿಲ್ಲ, ಆದ್ರೂ ಸಾಯಸ್ತೀರಿ" ಎಂದಳು. ನನಗೆ ಸಿಟ್ಟು ಬಂತು. ಎರಡು ದಿನ ಆಕೆಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಕೆಯ ಅಣ್ಣಂದಿರು ಹಿಡಿಯುವ ಕಾಟ್ಲಾ, ರೋಹು ಮೀನುಗಳೂ ನನ್ನ ಗೋಲ್ಡ್ ಫಿಶ್ಶೂ ಒಂದೇ ಕುಲದ ದಾಯಾದಿಗಳು ಎಂದು ಆಮೇಲೆ ಓದಿದೆ. ಗೋಲ್ಡ್ ಫಿಶ್ಶಿನ ಮೂಲ ಚೀನಾ. ಅಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಬೂದು ಬಣ್ಣದ ಕೆರೆಮೀನಿನಲ್ಲಿ ಹೊಂಬಣ್ಣದ್ದು ಹುಟ್ಟಿದರೆ ಆರಿಸಿ ಬೇರೆ ಇಟ್ಟು ಸಾಕುತ್ತ ಬಂದದ್ದರ ಫಲ ಇದು. ನಮ್ಮ ಕಡೆಯ ಅಂಗಡಿಗಳಿಗೆ ಬಣ್ಣದ ಮೀನು ಬರುವುದು ಹೈದರಾಬಾದಿನ ಮೇಲಿಂದ. ಅವು ಹೆಚ್ಚಾಗಿ ಹುಟ್ಟುವುದು ಚೆನ್ನೈಯ ಕೊಳತ್ತೂರು, ಕೋಲ್ಕತ್ತಾದ ಹೌರಾ ಕಡೆಯ ಸಿಮೆಂಟ್ ತೊಟ್ಟಿಗಳಲ್ಲಿ. ಹೊಳೆ ಎಂದರೆ ಏನು ಎಂದು ಅದರ ಅಜ್ಜ ಮುತ್ತಜ್ಜರಿಗೂ ಗೊತ್ತಿರಲಿಕ್ಕಿಲ್ಲ.

ನಡುವೆ ಒಂದು ಮಾತು. ಉಳಿದ ಮೀನಿಗೆ ಜೊತೆ ಇರಲಿ ಎಂದು ಪರಿಚಯದವರೊಬ್ಬರು ಬಿದರಿ ಕುಸುರಿಯ ಒಂದು ಚಿಕ್ಕ ಮೀನನ್ನು ತಂದುಕೊಟ್ಟು ನೀರಿನಲ್ಲಿ ಇಡಿರಿ, ಚೆಂದ ಕಾಣುತ್ತದೆ ಎಂದರು. ಇಷ್ಟರಲ್ಲಿ ನನಗೆ ಕೇಳುವ ಬುದ್ಧಿ ಬಂದಿತ್ತು. ಬಿದರಿಯ ಲೋಹ ಎಂದರೆ ಸತುವು, ಅದಕ್ಕೆ ಸ್ವಲ್ಪ ತಾಮ್ರ. ಎರಡೂ ನೀರಿನಲ್ಲಿ ಕರಗಿದರೆ ಮೀನಿಗೆ ವಿಷ. ನಮ್ಮೂರಿನ ಹೆಮ್ಮೆ ಈಗ ಪುಸ್ತಕದ ಕಪಾಟಿನ ಮೇಲೆ, ಒಣ ಜಾಗದಲ್ಲಿ ಕೂತಿದೆ.

2016ರ ಬೇಸಿಗೆಯನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಆ ಏಪ್ರಿಲಿನಲ್ಲಿ ನಮ್ಮ ಮಗ್ಗುಲಿನ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಲಾತೂರಿನ ಸೀಮೆ ದಾಟಿ ನಮ್ಮ ಭಾಲ್ಕಿ, ಔರಾದ ಕಡೆಗೆ ಬರುವ ಮಾಂಜ್ರಾ ನದಿ ಮರಳು ಬಿಟ್ಟು ಮಲಗಿತ್ತು. ಬೀದರದಲ್ಲಿ ಹಳೆಯ ಬಾವಿಗಳ ಹೂಳು ತೆಗೆಯುತ್ತಿದ್ದರು. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ನೌಬಾದಿನ ಕೆಂಪು ಮುರಕಲ್ಲಿನ ಕೆಳಗೆ ತೋಡಿಸಿದ ಸುರಂಗ ಬಾವಿಯ ಮಾತು ಜನರ ಬಾಯಲ್ಲಿ ಮತ್ತೆ ಬಂದದ್ದೂ ಆ ದಿನಗಳಲ್ಲೇ. ನಮ್ಮ ಓಣಿಗೆ ನಳ ಬಿಡುವ ದಿನಗಳು ದೂರ ದೂರವಾದವು. ಮನೆ ಮುಂದೆ ಡ್ರಮ್ಮುಗಳು ಸಾಲು ನಿಂತವು. ನಾನು ಮಾತ್ರ ಪ್ರತಿ ಭಾನುವಾರ ತೊಟ್ಟಿಯಿಂದ ಹತ್ತು ಲೀಟರ್ ನೀರು ತೆಗೆದು, ಹಿಂದಿನ ದಿನ ಹಿಡಿದಿಟ್ಟ ಹತ್ತು ಲೀಟರ್ ನೀರು ಹಾಕುತ್ತಿದ್ದೆ. ಬಾಗಿಲು ಮುಚ್ಚಿಕೊಂಡು ಹಾಕುತ್ತಿದ್ದೆ ಎನ್ನುವುದನ್ನೂ ಹೇಳಿಬಿಡಬೇಕು.

ಆ ದಿನಗಳಲ್ಲಿ ನನ್ನ ನಾದಿನಿ ಔರಾದ ತಾಲೂಕಿನ ತನ್ನ ಹಳ್ಳಿಯಿಂದ ಕಣ್ಣು ತೋರಿಸಲು ಬಂದು ನಮ್ಮಲ್ಲಿ ನಾಲ್ಕು ದಿನ ಇದ್ದಳು. ಭಾನುವಾರ ಬೆಳಿಗ್ಗೆ ನಾನು ಬಕೇಟ್ ಹಿಡಿದು ನಿಂತದ್ದನ್ನು ಆಕೆ ನೋಡಿದಳು.

"ಟ್ಯಾಂಕರ್ ಬರ್ತದಂತ ನಾ ರಾತ್ರಿ ಎಲ್ಲಾ ಕೊಡ ಹಿಡಕೊಂಡು ಎದ್ದು ಕೂಡ್ತೀನಿ ವೈನಿ. ನಿಮ್ಮ ಮನ್ಯಾಗ ಮೀನಿಗಿ ವಾರಕ್ಕೊಮ್ಮೆ ಜಳಕ."

ನಾನು ಲೆಕ್ಕ ಹೇಳಿದೆ. ವಾರಕ್ಕೆ ಹತ್ತು ಲೀಟರ್, ಅದೂ ಚೆಲ್ಲುವುದಿಲ್ಲ, ಕರಿಬೇವಿಗೆ ಹಾಕುತ್ತೇನೆ, ಮೀನಿನ ನೀರು ಗಿಡಕ್ಕೆ ಗೊಬ್ಬರ. ನಮ್ಮ ಕೂಲರ್ ಒಂದೇ ಹಗಲಿನಲ್ಲಿ ಇದರ ಎರಡರಷ್ಟು ಕುಡಿಯುತ್ತದೆ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಹೇಳುತ್ತಿರುವಾಗಲೇ ನನ್ನ ದನಿ ನನಗೇ ಪರಿಚಿತ ಎನ್ನಿಸಿತು. "ಅವನೂ ಬರದಿಲ್ಲ ಟೀಚರ್" ಎಂದು ಪಕ್ಕದವನ ಕಡೆ ಬೆರಳು ತೋರಿಸುವ ಎಂಟನೆಯ ತರಗತಿಯ ಹುಡುಗನ ದನಿ. ಕೂಲರ್ ಹೆಚ್ಚು ನೀರು ಕುಡಿಯುತ್ತದೆ ಎನ್ನುವುದು ಕೂಲರ್ ಬಂದು ಮಾಡಲು ಕಾರಣವಾದೀತೇ ಹೊರತು ಮೀನಿಗೆ ಹಾಕಲು ಹೇಗೆ ಕಾರಣವಾದೀತು? ನಾದಿನಿ ಏನೂ ಎದುರಾಡಲಿಲ್ಲ. ಕರಿಬೇವಿನ ಗಿಡದ ಬುಡಕ್ಕೆ ಹೋಗಿ ಕೈಯಿಂದ ಮಣ್ಣು ಮುಟ್ಟಿ ನೋಡಿ ಬಂದಳು.

ಆ ರಾತ್ರಿ ಕರೆಂಟ್ ಹೋಯಿತು. ಸೆಕೆಗೆ ಎಚ್ಚರವಾದಾಗ ನಡುಮನೆಯಲ್ಲಿ ನೀರಿನ ಸದ್ದು ಕೇಳಿತು. ಪಂಪಿನ ಗುಳುಗುಳು ಅಲ್ಲ, ಬೇರೆ ಸದ್ದು. ಹೋಗಿ ನೋಡಿದರೆ ಕಂದೀಲು ಪಕ್ಕಕ್ಕಿಟ್ಟುಕೊಂಡು ನಾದಿನಿ ತೊಟ್ಟಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದಾಳೆ. ತಂಬಿಗೆಯಿಂದ ಅದೇ ನೀರನ್ನು ಎತ್ತುವುದು, ಮೇಲಿನಿಂದ ಧಾರೆ ಬಿಡುವುದು. ಮತ್ತೆ ಎತ್ತುವುದು, ಬಿಡುವುದು. ಬಿಸಿಯಾದ ನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ, ಪಂಪ್ ನಿಂತರೆ ಮೀನು ಉಸಿರಿಗೆ ಒದ್ದಾಡುತ್ತದೆ, ಹೀಗೆ ಕೈಯಿಂದ ಕಲಕಿದರೆ ಗಾಳಿ ಸೇರುತ್ತದೆ ಎಂದು ಮಾಸ್ತರರು ನನಗೆ ಹೇಳಿದ್ದರು. ಆಕೆಗೆ ಯಾರೂ ಹೇಳಿರಲಿಲ್ಲ.

"ಮ್ಯಾಲ ಬಂದು ಬಾಯಿ ಬಡೀಲತ್ತಿತ್ತು ವೈನಿ. ಗುಳುಗುಳು ನಿಂತದ್ದಕ್ಕ ಇರಬೇಕು ಅಂದೆ."

ನಾನೂ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ, "ಹಗಲೆಲ್ಲ ಇದಕ್ಕೆ ಬೈದಿ, ಈಗ ನಿದ್ದಿ ಕೆಟ್ಟು ಕೂತೀಯಲ್ಲ" ಎಂದೆ.

"ಅದಕ್ಕ ಎಲ್ಲಿ ಬೈದೆ? ನಿಮಗ ಬೈದೆ" ಎಂದಳು. ಆಮೇಲೆ, "ಗೂಟಕ್ಕ ಕಟ್ಟಿದ ಮ್ಯಾಲ ನೀರು ತೋರಿಸೋದು ಕಟ್ಟಿದವರ ಕೆಲಸ. ಅಡವ್ಯಾಗಿದ್ರ ಅದರ ಹಣೇಬಾರ ಅದಕ್ಕ."

ಇಷ್ಟು ಹೇಳಿ ಬಹಳ ಹೊತ್ತು ಸುಮ್ಮನಿದ್ದಳು. ಯುಗಾದಿಗೆ ಮೊದಲು ಆಕೆಯ ಮನೆಯಲ್ಲಿ ದೇವಣಿ ತಳಿಯ ಒಂದು ಜೋಡಿ ಎತ್ತು ಮಾರಿದ್ದರು. ಮೇವಿಲ್ಲ, ನೀರಿಲ್ಲ. ಸಂತೆಯಲ್ಲಿ ಕೊಂಡವರು ಯಾರು, ಎಲ್ಲಿಗೆ ಹೊಡೆದುಕೊಂಡು ಹೋದರು ಎಂದು ಕೇಳಲಿಲ್ಲವಂತೆ. "ಕೇಳಿದ್ರ ಮಾರಲಾಕ ಆಗ್ತಿದ್ದಿಲ್ಲ" ಎಂದಳು. ಎಡದೆತ್ತು ಹಗ್ಗ ಬದಲಾದಾಗ ತಿರುಗಿ ನೋಡಿತಂತೆ. ಕರೆಂಟ್ ಬೆಳಗಿನ ನಾಲ್ಕರ ಸುಮಾರಿಗೆ ಬಂತು. ಅಷ್ಟರ ತನಕ ಇಬ್ಬರೂ ಪಾಳಿಯ ಮೇಲೆ ತಂಬಿಗೆ ಹಿಡಿದೆವು.

ನಾನು ಆ ರಾತ್ರಿಯ ಮಾತನ್ನು ಈ ವರ್ಷಗಳಲ್ಲಿ ಬಹಳ ಸಲ ತಿರುವಿ ನೋಡಿದ್ದೇನೆ. ಪ್ರಾಣಿಗಳ ಬಗ್ಗೆ ನಾವು ವಾದ ಮಾಡುವುದು ಸಾಮಾನ್ಯವಾಗಿ ಬೇರೆ ದಾರಿಯಲ್ಲಿ. ಅದಕ್ಕೆ ನೋವಾಗುತ್ತದೆಯೇ, ಅದಕ್ಕೆ ಬುದ್ಧಿಯಿದೆಯೇ ಎಂದು ಮೊದಲು ಕೇಳುತ್ತೇವೆ. ಮೀನಿನ ವಿಷಯದಲ್ಲೂ ಈ ವಾದ ನಡೆದಿದೆ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಟ್ರೌಟ್ ಮೀನುಗಳ ತುಟಿಗೆ ಜೇನುಹುಳುವಿನ ವಿಷ, ಅಸಿಟಿಕ್ ಆಮ್ಲ ಚುಚ್ಚಿ ನೋಡಿದರು. ಆ ಮೀನುಗಳು ಬಹಳ ಹೊತ್ತು ಆಹಾರ ಮುಟ್ಟಲಿಲ್ಲ, ಮೈ ಅತ್ತಿತ್ತ ತೂಗಿದವು, ತುಟಿಯನ್ನು ತಳದ ಹರಳಿಗೆ ಉಜ್ಜಿಕೊಂಡವು. ಇದು ನೋವೇ ಎಂದು ಕೆಲವರು. ಮೀನಿನ ಮಿದುಳಿಗೆ ನಮ್ಮ ಮಿದುಳಿನಂಥ ಹೊರಪದರವೇ ಇಲ್ಲ, ಅದು ಬರೀ ದೇಹದ ಪ್ರತಿಕ್ರಿಯೆ ಎಂದು ಇನ್ನು ಕೆಲವರು. ಅಷ್ಟರಲ್ಲಿ ರೋಮ್ ನಗರದವರು 2005ರಲ್ಲಿ ದುಂಡು ಗಾಜಿನ ಬುರುಡೆಯಲ್ಲಿ ಗೋಲ್ಡ್ ಫಿಶ್ ಇಡುವುದನ್ನೇ ನಿಷೇಧಿಸಿದರು. ನನಗೆ ಸ್ನೆಡನ್ ಹೇಳಿದ್ದು ನಿಜವೆಂದೇ ತೋರುತ್ತದೆ. ಕೆಂಪಾದ ರೆಕ್ಕೆಯ ಮೀನು ಮೂಲೆಯಲ್ಲಿ ತಲೆ ಕೆಳಗೆ ಮಾಡಿ ನಿಂತದ್ದನ್ನು ಕಂಡವರಿಗೆ ಬೇರೆ ಸಾಕ್ಷಿ ಬೇಡ. ಆದರೆ ನಾದಿನಿಯ ಮಾತಿಗೆ ಈ ಸಾಕ್ಷಿಯ ಅಗತ್ಯವೇ ಇಲ್ಲ. ಮೀನು ದೊಡ್ಡ ಜೀವವೋ ಸಣ್ಣ ಜೀವವೋ ಎಂದು ಆಕೆ ತೂಗಲಿಲ್ಲ. ಕಟ್ಟಿದವರು ಯಾರು ಎಂದಷ್ಟೇ ಕೇಳಿದಳು. ಹೊಣೆ ಹುಟ್ಟುವುದು ಕಟ್ಟಿಸಿಕೊಂಡದ್ದರ ಯೋಗ್ಯತೆಯಿಂದ ಅಲ್ಲ, ಕಟ್ಟಿದ ಕೈಯಿಂದ.

ಇದರಲ್ಲಿ ಒಂದು ತೊಡಕೂ ಇದೆ. ಕಟ್ಟಿದವರಿಗೇ ನೀರಿಲ್ಲದಿದ್ದರೆ? ಎತ್ತು ಮಾರಿದ ಆಕೆಗೆ ಆಕೆಯದೇ ಮಾತು ಹಚ್ಚಿ ನೋಡಿದರೆ ತಪ್ಪು ಆಕೆಯದಾಗುತ್ತದೆ, ಮೀನಿಗೆ ಹತ್ತು ಲೀಟರ್ ಹಾಕಿದ ನಾನು ಸರಿಯಾಗುತ್ತೇನೆ. ಅಂಥ ತೀರ್ಪು ಕೊಡುವ ತಕ್ಕಡಿಯನ್ನು ನಾನು ನಂಬಲಾರೆ. ನನಗೆ ನಳವಿತ್ತು, ತಿಂಗಳ ಪಗಾರವಿತ್ತು. ಆಕೆಗೆ ಮಳೆ ಇತ್ತು, ಅದು ಬರಲಿಲ್ಲ. ಇದಕ್ಕೆ ಇನ್ನೂ ನನ್ನಲ್ಲಿ ಉತ್ತರವಿಲ್ಲ. ಆ ವರ್ಷ ಮೇ ತಿಂಗಳ ಕೊನೆಗೆ ಕೂಲರ್ ನಿಲ್ಲಿಸಿದೆವು. ಅದರಿಂದ ಔರಾದದಲ್ಲಿ ಯಾರಿಗೂ ಒಂದು ಕೊಡ ನೀರು ಹೆಚ್ಚಾಗಲಿಲ್ಲ.

ಬಿಟ್ಟುಬಿಡಿ ಎಂದು ಹೇಳಿದವರೂ ಇದ್ದರು. ಪಾಪನಾಶ ಕೆರೆಗೆ ಬಿಟ್ಟರೆ ಪುಣ್ಯ, ಹೆಸರಿಗೂ ಸರಿಯಾಗುತ್ತದೆ ಎಂದರು. ಹೆಸರು ಸರಿ, ಕೆಲಸ ಸರಿಯಲ್ಲ. ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಹೊಂಬಣ್ಣದ ಮೀನು ಕೆರೆಯಲ್ಲಿ ಎಲ್ಲ ಕೊಕ್ಕರೆಗಳಿಗೂ ದೂರದಿಂದ ಕಾಣುತ್ತದೆ. ಬದುಕಿದರೆ ಇನ್ನೂ ಕಷ್ಟ, ತಳ ಕೆದರಿ ನೀರು ಕಲಕಿ ಅಲ್ಲಿಯ ಮೂಲ ಮೀನುಗಳ ಪಾಲು ತಿನ್ನುತ್ತದೆ. ಹೊರಗಿನಿಂದ ತಂದ ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಕೆರೆಗಳಿಗೆ ಏನು ಮಾಡಿತು ಎಂದು ನೋಡಿಯೇ 2000ದಲ್ಲಿ ಸರ್ಕಾರ ಅದನ್ನು ಸಾಕುವುದನ್ನು ನಿಷೇಧಿಸಿದ್ದು. ಕೆಲವು ಗಂಟುಗಳನ್ನು ಕಟ್ಟಿದವರೂ ಬಿಚ್ಚಲಾರರು. ನಾನು ಮಾಡಿದ್ದು ಇಷ್ಟೇ, ಗಾಜಿನ ಅಂಗಡಿಯಲ್ಲಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಹೊಸ ತೊಟ್ಟಿ ಮಾಡಿಸಿದೆ. ಸುಮಾರು 190 ಲೀಟರ್ ಹಿಡಿಯುತ್ತದೆ. ಹಳೆಯ ಸ್ಪಂಜನ್ನು ತೊಳೆಯದೆ ಅದರಲ್ಲಿಟ್ಟೆ. ಮತ್ತೊಂದು ಮೀನು ತರಲು ಮನಸ್ಸಾಗಲಿಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ಮೇಲಿನದೆಲ್ಲ ಅರ್ಧ ಸುಳ್ಳಾಗುತ್ತದೆ. 1998ರಲ್ಲಿ ನಾನು ಔರಾದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ತಾಂಡಾದಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗಿ ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಳು. ತಂದೆ ತಾಯಿ ಕಬ್ಬು ಕಡಿಯಲು ವರ್ಷಕ್ಕೆ ಆರು ತಿಂಗಳು ಹೊರಗೆ. ನಾನೇ ಮುಂದೆ ನಿಂತು ತಂದೆಯನ್ನು ಒಪ್ಪಿಸಿ, ಅರ್ಜಿ ತುಂಬಿ, ಬೀದರದಲ್ಲಿ ಪಿ.ಯು.ಸಿ.ಗೆ ಹಚ್ಚಿ, ಹಾಸ್ಟೆಲಿನಲ್ಲಿ ಬಿಟ್ಟು ಬಂದೆ. ಮೂರು ತಿಂಗಳಿಗೆ ಹುಡುಗಿ ತಾಂಡಾಕ್ಕೆ ವಾಪಸು. ವರ್ಷದೊಳಗೆ ಮದುವೆ. ಓದುವ ಮನಸ್ಸು ಇರಲಿಲ್ಲ, ನಾನು ಮಾಡುವಷ್ಟು ಮಾಡಿದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದೂ ನೆನಪಿದೆ.

2023ರ ಜೂನಿನಲ್ಲಿ ಆಕೆ ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆ ಹುಡುಕಿ ಬಂದಳು. ಮಗಳಿಗೆ ಬೀದರದಲ್ಲಿ ಪಿ.ಯು.ಸಿ.ಗೆ ಹಚ್ಚಬೇಕು, ಅದೇ ಹಾಸ್ಟೆಲಿನ ಪ್ರಶ್ನೆ. ಇಬ್ಬರೂ ತೊಟ್ಟಿಯ ಮುಂದೆ ಕೂತರು. ಒಂದೇ ಯಾಕೆ ಎಂದು ಮಗಳು ಕೇಳಿದಳು. ಆ ದಿನ ಮೊದಲ ಸಲ ನಾನು ಚಹಾಕ್ಕೆ ಎದ್ದು ಹೋಗದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ತೊಳೆದದ್ದು, ಚೀಲ ತೇಲಿಬಿಡುವುದು ಎಲ್ಲ. ತಾಯಿ ಕೇಳುತ್ತ ಕೂತಿದ್ದಳು. ಮೀನಿನಿಂದ ಕಣ್ಣು ತೆಗೆಯದೆ, "ಹಾಸ್ಟೆಲ್‌ನಾಗ ಊಟಕ್ಕ ತ್ರಾಸ ಇದ್ದಿಲ್ಲ ಟೀಚರ್. ರಾತ್ರಿ ನಮ್ಮ ಮಾತಿನಾಗ ಮಾತಾಡೋರು ಒಬ್ಬರೂ ಇದ್ದಿಲ್ಲ. ನೀವು ಶನಿವಾರ ಬರ್ತೀನಿ ಅಂದಿದ್ರಿ" ಎಂದಳು.

ದೂರುವ ದನಿಯಲ್ಲಿ ಹೇಳಲಿಲ್ಲ. ನಾನು ಹಾಗೆ ಅಂದದ್ದೇ ನನಗೆ ಮರೆತುಹೋಗಿತ್ತು. ಔರಾದದಿಂದ ಬೀದರಕ್ಕೆ ನಲವತ್ತು ಕಿಲೋಮೀಟರ್ ಸುಮಾರು. ಮಗ ಆಗ ಕೂಸು, ಬಸ್ಸು ಕಡಿಮೆ, ಶನಿವಾರ ಶಾಲೆ ಅರ್ಧ ದಿನವೇ ಆದರೂ ಮನೆಯ ಕೆಲಸ. ಕಾರಣಗಳೆಲ್ಲ ಖರೆ. ಹನ್ನೆರಡೋ ಹದಿಮೂರೋ ಶನಿವಾರಗಳು ಆ ಮೂರು ತಿಂಗಳಲ್ಲಿ ಬಂದು ಹೋಗಿದ್ದವು.

ಮನುಷ್ಯರ ಮಗಳನ್ನು ಮೀನಿಗೆ ಹೋಲಿಸುವುದು ಸರಿಯಲ್ಲ, ನನಗೆ ಗೊತ್ತು. ಮೀನಿಗೆ ಬಾಗಿಲಿಲ್ಲ. ಆಕೆಗೆ ಬಾಗಿಲಿತ್ತು, ಬಸ್ಸಿತ್ತು, ಬುದ್ಧಿಯಿತ್ತು. ತನಗೆ ಆಗದ್ದನ್ನು ಬಿಟ್ಟು ಎದ್ದು ಹೋದಳು. ಹೋದದ್ದು ಸೋಲು ಎಂದು ಇಪ್ಪತ್ತೈದು ವರ್ಷ ನಾನೊಬ್ಬಳೇ ಬರೆದುಕೊಂಡಿದ್ದೆ. ಆಕೆ ಈಗ ತಾಂಡಾದಲ್ಲಿ ಮಹಿಳಾ ಸಂಘದ ಲೆಕ್ಕ ಬರೆಯುತ್ತಾಳೆ, ಮಗಳನ್ನು ಹತ್ತನೆಯ ತರಗತಿಯ ತನಕ ತಾನೇ ಕೂಡಿಸಿ ಓದಿಸಿದ್ದಾಳೆ. ಹಾಗಾದರೆ ನನ್ನ ತಪ್ಪು ತಪ್ಪಲ್ಲವೇ? ಆಕೆ ಚೆನ್ನಾಗಿ ಬದುಕಿದ್ದು ಆಕೆಯ ಶಕ್ತಿ. ಅದನ್ನು ನನ್ನ ಖಾತೆಗೆ ಜಮಾ ಮಾಡಿಕೊಳ್ಳಲು ಬರುವುದಿಲ್ಲ. ಶನಿವಾರ ಬರುತ್ತೇನೆ ಎಂದವಳು ನಾನು. ಆ ಹಗ್ಗದ ಒಂದು ತುದಿ ನನ್ನ ಕೈಯಲ್ಲಿತ್ತು.

ಮಗಳನ್ನು ಹಾಸ್ಟೆಲಿಗೆ ಸೇರಿಸಿದೆವು. ತಾಂಡಾದ ಮಾತಾಡುವ ಇನ್ನಿಬ್ಬರು ಹುಡುಗಿಯರು ಇರುವ ಕೋಣೆಯನ್ನು ತಾಯಿಯೇ ವಾರ್ಡನ್ನಿಗೆ ಕೇಳಿ ಪಡೆದಳು. ಈ ಸಲ ನಾನು ಬರುತ್ತೇನೆ ಎಂದು ಹೇಳಲಿಲ್ಲ. ಮೊದಲ ಶನಿವಾರ ಸುಮ್ಮನೆ ಹೋದೆ. ಆಮೇಲೆ ಅವಳೇ ಬರತೊಡಗಿದಳು. ಈಗ ಅವಳು ಪದವಿ ಕಾಲೇಜಿನಲ್ಲಿದ್ದಾಳೆ. ಭಾನುವಾರ ಮಧ್ಯಾಹ್ನ ಬಂದು ರೊಟ್ಟಿ ಉಂಡು, ತೊಟ್ಟಿಯ ನೀರು ಬದಲಿಸುವುದು ಅವಳ ಕೆಲಸ. ಮಗ ಪುಣೆಯಲ್ಲಿದ್ದಾನೆ. ನನಗೆ ನಿವೃತ್ತಿ ಹತ್ತಿರ ಬಂತು, ನೀನೂ ಬಂದುಬಿಡು ಎನ್ನುತ್ತಾನೆ. ಸರಿಯಾಗಿ ನೋಡಿಕೊಂಡರೆ ಗೋಲ್ಡ್ ಫಿಶ್ ಹತ್ತಲ್ಲ, ಹದಿನೈದು ವರ್ಷದ ಮೇಲೂ ಬದುಕುವುದುಂಟು. 190 ಲೀಟರ್ ನೀರನ್ನು ಹೊತ್ತು ಪುಣೆಗೆ ಯಾವ ಬಸ್ಸಿನಲ್ಲಿ ಹೋಗುವುದು?

ಮೊನ್ನೆ ಅವಸರದಲ್ಲಿದ್ದಳು, ಪರೀಕ್ಷೆಯಿತ್ತು. ನಳದ ಕೆಳಗಿನಿಂದ ನೇರ ಬಕೇಟ್ ಎತ್ತಿಕೊಂಡು ತೊಟ್ಟಿಯ ತನಕ ಬಂದಳು.

"ಯವ್ವಾ, ಅದಲ್ಲ" ಎಂದೆ. "ನಿನ್ನೆ ಹಿಡಿದಿಟ್ಟದ್ದು ಬಾಗಿಲ ಹಿಂದ ಅದ ನೋಡು."